ಕರೆಂಟ್ ಹೋದ ಹೊತ್ತಿನ ಗಿರಣಿ

ಕರೆಂಟ್ ಹೋದರೆ ನಗುವ ಹೆಂಗಸನ್ನು ಬಾಷಾಬಿ ಈ ವಯಸ್ಸಿನವರೆಗೆ ಕಂಡಿರಲಿಲ್ಲ. ನವಲಗುಂದದಲ್ಲಿ ಕರೆಂಟ್ ಹೋದರೆ ಜನ ಬೈಯುತ್ತಾರೆ. ಗಂಡಸರು ಸರ್ಕಾರವನ್ನು ಬೈಯುತ್ತಾರೆ, ಹೆಂಗಸರು ಆ ಗಂಡಸರನ್ನು ಬೈಯುತ್ತಾರೆ. ಆದರೆ ಮಗ್ಗದ ಮೇಲಿನ ಬಲ್ಬು ಆರಿದ ಕೂಡಲೇ ಸೊಸೆ ಮುಬಶಿರಾಳ ತುಟಿಯ ಒಂದು ಮೂಲೆ ಮೇಲಕ್ಕೆ ಹೋಗುತ್ತಿತ್ತು. ನೇಯುವ ಕೈ ಅಲ್ಲಿಗೇ ನಿಲ್ಲುತ್ತಿತ್ತು. ದುಪಟ್ಟಾ ಸರಿಮಾಡಿಕೊಂಡು ಎದ್ದು, ಜೋಳದ ಚೀಲಕ್ಕೆ ಕೈ ಹಾಕುತ್ತಿದ್ದಳು.

"ಅಮ್ಮಾ, ಗಿರಣಿಗೆ ಹೋಗಿ ಬರ್ತೇನ್ರಿ."

"ಕರೆಂಟ್ ಇಲ್ಲಲ್ಲ?"

"ಪಾಳಿ ಹಚ್ಚಬೇಕಲ್ರಿ. ಕರೆಂಟ್ ಬಂದಮ್ಯಾಲ ಹೋದ್ರ ಸಂಜಿ ಆಗ್ತೈತಿ."

ಮಾತಿನಲ್ಲಿ ತಪ್ಪು ಹುಡುಕಲು ಆಗುತ್ತಿರಲಿಲ್ಲ. ಅದೇ ಬಾಷಾಬಿಗೆ ಸರಿಬರಲಿಲ್ಲ. ಕೇಳುವ ಮೊದಲೇ ಉತ್ತರ ತಯಾರಾಗಿದೆ ಎಂದರೆ, ಯಾರೋ ಕೇಳುತ್ತಾರೆಂದು ಈಕೆಗೆ ಗೊತ್ತಿದೆ ಎಂದರ್ಥ.

ಒಮ್ಮೆ ಸೊಸೆ ಅತ್ತ ಹೋದ ಮೇಲೆ ಬಾಷಾಬಿ ಅಡುಗೆಮನೆಗೆ ಹೋಗಿ ಹಿಟ್ಟಿನ ಡಬ್ಬಿ ತೆಗೆದು ನೋಡಿದಳು. ಹಿಟ್ಟು ಕುತ್ತಿಗೆಮಟ ಇತ್ತು. ಮನೆಯಲ್ಲಿ ರೊಟ್ಟಿ ತಿನ್ನುವವರು ಯಾರು? ತಾನು, ಗಂಡ ದಾವೂದಸಾಬ, ಈ ಹುಡುಗಿ. ಮಗ ಫಯಾಜ್ ಹುಬ್ಬಳ್ಳಿಯ ಟೈಲ್ಸ್ ಅಂಗಡಿಯಲ್ಲಿ ದುಡಿಯುತ್ತಾನೆ, ಶುಕ್ರವಾರ ಜುಮ್ಮಾಕ್ಕೆ ಬಂದು ಮರುದಿನ ಹೋಗುತ್ತಾನೆ. ದಾವೂದಸಾಬನಿಗೆ ಈಗ ಹಲ್ಲೂ ಇಲ್ಲ, ಒಂದು ರೊಟ್ಟಿಯನ್ನು ಸಾರಿನಲ್ಲಿ ನೆನೆಹಾಕಿಕೊಂಡು ಅರ್ಧ ಹೊತ್ತು ಕೂರುತ್ತಾನೆ. ಹೀಗಿರುವಾಗ ಸೊಸೆ ಹಿಡಿ ಹಿಡಿ ಜೋಳ ಒಯ್ದು ಬೀಸಿಸಿಕೊಂಡು ಬರುವುದು ಯಾಕೆ?

"ನಿಮ್ಮ ಸೊಸಿ ಕರೆಂಟ್ ಇಲ್ಲದಾಗ ಗಿರಣಿಗೆ ಯಾಕ ಹೋಗ್ತಾಳ?" ಎಂದು ಅವಳು ಕಟ್ಟೆಯ ಮೇಲೆ ಕೂತಿದ್ದ ಗಂಡನನ್ನು ಕೇಳಿದಳು.

"ಬೀಸಿಸಾಕ."

"ಕರೆಂಟ್ ಇಲ್ಲದಾಗ ಏನ ಬೀಸಿಸ್ತಾಳ, ನಿಮ್ಮ ತಲಿ?"

"ಹಂಗಾದ್ರ ನೀನ ಹೋಗಿ ನೋಡು. ನನ್ನ ಯಾಕ ಕೇಳ್ತಿ?" ದಾವೂದಸಾಬ ಮುಖ ತಿರುಗಿಸಿ ಬೀದಿ ನೋಡತೊಡಗಿದ. ಅವನ ಮುಖದಲ್ಲೂ ಏನೋ ಇದ್ದಂತೆ ಬಾಷಾಬಿಗೆ ಕಂಡಿತು. ಮುದುಕನಿಗೂ ಏನೋ ಗೊತ್ತು.

ಗಂಡಸಿನ ವಿಷಯ ಇರಬಹುದೆಂದು ಅವಳು ಯೋಚಿಸದೆ ಇರಲಿಲ್ಲ. ಯೋಚಿಸಿ, ಕೈಬಿಟ್ಟಳು. ಗಂಡಸಿನ ವಿಷಯವಾಗಿದ್ದರೆ ಇಷ್ಟೊತ್ತಿಗೆ ಓಣಿಯ ನಲ್ಲಿಯ ಮುಂದೆ ನಾಲ್ಕು ಜನ ಬಂದು ಅವಳ ಕಿವಿಯಲ್ಲಿ ಹೇಳಿಹೋಗುತ್ತಿದ್ದರು. ನಲ್ಲಿಯ ಮುಂದೆ ಯಾರೂ ಏನೂ ಹೇಳಲಿಲ್ಲ. ಬದಲಿಗೆ ಒಂದು ಬೆಳಿಗ್ಗೆ ಖಾದರಬಿಯ ಸೊಸೆ ಸೀಮಾ ಕೊಡ ಎತ್ತುತ್ತಾ ಮುಬಶಿರಾಳ ಕಡೆ ನೋಡಿ ಹುಬ್ಬು ಹಾರಿಸಿದ್ದನ್ನು ಬಾಷಾಬಿ ಕಂಡಳು. ಮುಬಶಿರಾ ತಕ್ಷಣ ತಲೆ ತಗ್ಗಿಸಿ ನಕ್ಕಳು.

ಖಾದರಬಿಯ ಮನೆಯಲ್ಲೂ ಮಗ್ಗವಿತ್ತು.

ಬಾಷಾಬಿಯ ಭಯ ಇನ್ನೊಂದೇ. ಜಮಖಾನ ನೇಯುವುದು ಅವಳ ಮನೆತನದಲ್ಲಿ ಹೆಂಗಸರ ಕೆಲಸ. ಆದರೆ ಮನೆಯಲ್ಲಿ ಹುಟ್ಟಿದ ಹೆಣ್ಣುಮಕ್ಕಳಿಗೆ ಅದನ್ನು ಕಲಿಸುವುದಿಲ್ಲ. ಹೆಣ್ಣುಮಗಳು ನಾಳೆ ಬೇರೆ ಮನೆಗೆ ಹೋಗುತ್ತಾಳೆ, ಮನೆಯ ಎಣಿಕೆಯನ್ನು ಬೆರಳಲ್ಲಿ ಒಯ್ಯುತ್ತಾಳೆ. ಕಲಿಸುವುದು ಸೊಸೆಗೆ. ಸೊಸೆ ಬರುವುದು ಇರಲಿಕ್ಕೆ. ಬಾಷಾಬಿಗೂ ಅವಳ ಅತ್ತೆ ಹೀಗೆಯೇ ಕಲಿಸಿದ್ದು. ನೇಯ್ಗೆಯ ನಡುವೆ ಬರುವ ಪಗಡೆಯ ಹಾಸು ಎಲ್ಲರ ಮನೆಯಲ್ಲೂ ಇರುತ್ತದೆ: ನಾಲ್ಕು ದಿಕ್ಕಿಗೆ ನಾಲ್ಕು ತೋಳು, ಪ್ರತಿ ತೋಳಿನಲ್ಲಿ ಚೌಕಗಳ ಮೂರು ಸಾಲು. ಬೇರೆಯವರು ಸಾಲಿಗೆ ಎಂಟು ಚೌಕ ಹಾಕುತ್ತಾರೆ. ಬಾಷಾಬಿಯ ಮನೆಯಲ್ಲಿ ಒಂಬತ್ತು. "ಇದು ನಮ್ಮ ಮನಿ ಗುರುತು. ಹೊರಗ ಬಾಯಿ ಬಿಡಬ್ಯಾಡ" ಎಂದಿದ್ದಳು ಅತ್ತೆ. ಬಾಷಾಬಿ ಬಾಯಿ ಬಿಟ್ಟಿರಲಿಲ್ಲ.

ತನ್ನ ಹೊಟ್ಟೆಯಲ್ಲಿ ಹುಟ್ಟಿದ ರೇಷ್ಮಾಳಿಗೂ ಹೇಳಿರಲಿಲ್ಲ. ರೇಷ್ಮಾ ಚಿಕ್ಕವಳಿದ್ದಾಗ ಮಗ್ಗದ ಹಿಂದೆ ಬಂದು ಕೂರುತ್ತಿದ್ದಳು. ನೂಲಿನ ಆಚೆಯಿಂದ ಅವಳ ಕಣ್ಣು ಕಾಣುತ್ತಿತ್ತು. ಬಾಷಾಬಿ ಪಂಜಾದ ಹಿಡಿಕೆಯಿಂದ ನೆಲ ಕುಟ್ಟಿ ಅವಳನ್ನು ಓಡಿಸುತ್ತಿದ್ದಳು. ಪಂಜಾ ಎಂದರೆ ನೇಯ್ದ ನೂಲನ್ನು ಕೆಳಕ್ಕೆ ಕುಟ್ಟಿ ಕೂಡಿಸುವ ಕಬ್ಬಿಣದ ಹಲ್ಲು. ಮದುವೆಯಾಗಿ ಅಣ್ಣಿಗೇರಿಗೆ ಹೋಗುವ ಮೊದಲು ರೇಷ್ಮಾ ಬಾಯಿಬಿಟ್ಟೇ ಕೇಳಿದ್ದಳು, ಕಲಿಸು ಅಂತ. ಬಾಷಾಬಿ ಕಲಿಸಲಿಲ್ಲ. ಈಗ ರೇಷ್ಮಾ ಜಂಪರ್ ಹೊಲಿಯುತ್ತಾಳೆ, ತವರಿಗೆ ಬಂದರೆ ಮಗ್ಗವಿರುವ ನಡುಕೋಣೆಯ ಕಡೆ ಬರುವುದಿಲ್ಲ.

ಹಾಗೆ ಮಗಳಿಗೆ ಕೊಡದೆ ಕಟ್ಟಿಟ್ಟದ್ದನ್ನು ಕುಂದಗೋಳದಿಂದ ಬಂದ ಈ ಹುಡುಗಿ ಹಿಡಿ ಜೋಳದ ನೆಪದಲ್ಲಿ ಖಾದರಬಿಯ ಮನೆಗೆ ದಾಟಿಸಿಬಿಟ್ಟರೆ?

ಆ ಪ್ರಶ್ನೆಗೆ ಮಗ್ಗವೇ ಉತ್ತರ ಕೊಟ್ಟಿತು. ಧಾರವಾಡದವರೊಬ್ಬರು ಮದುವೆಮನೆಗೆಂದು ಹೇಳಿಸಿದ್ದ ದೊಡ್ಡ ಜಮಖಾನ ಅದು. ಅತ್ತೆ ಎಡಕ್ಕೆ, ಸೊಸೆ ಬಲಕ್ಕೆ ಕೂತು ಅರ್ಧರ್ಧ ನೇಯುತ್ತಿದ್ದರು. ಪಗಡೆಯ ಕೆಳಗಿನ ತೋಳು ಮುಗಿದು, ಎಡಬಲದ ತೋಳುಗಳ ಮೊದಲ ಸಾಲು ಏರಿತ್ತು. ಮುಬಶಿರಾ ಬಟ್ಟೆ ಒಗೆಯಲು ಹೋಗಿದ್ದಾಗ ಬಾಷಾಬಿ ಸುಮ್ಮನೆ ಬಲಗಡೆಯ ಸಾಲಿನ ಮೇಲೆ ಬೆರಳಾಡಿಸಿದಳು. ಬೆರಳು ಬೇಗ ಮುಗಿದುಹೋಯಿತು. ಮತ್ತೆ ಆಡಿಸಿದಳು. ಎಂಟು.

ಎಡಗಡೆ, ತನ್ನ ಕಡೆ, ಒಂಬತ್ತು. ಬಲಗಡೆ ಎಂಟು. ಖಾದರಬಿಯ ಮನೆಯ ಎಣಿಕೆ.

ಬಾಷಾಬಿಯ ಕಿವಿ ಬಿಸಿಯಾಯಿತು. ಅವಳು ಕೂಗಲಿಲ್ಲ. ಮೂಲೆಯಲ್ಲಿದ್ದ ಹಳೆಯ ಚಾದರ ತಂದು ಮಗ್ಗಕ್ಕೆ ಹೊದಿಸಿದಳು. ಮುಬಶಿರಾ ಒದ್ದೆ ಕೈ ಒರೆಸಿಕೊಳ್ಳುತ್ತ ಬಂದು ನೋಡಿದಳು.

"ಯಾಕ್ರಿ ಅಮ್ಮಾ, ಇವತ್ತ ನೇಯೂದಿಲ್ಲೇನ್ರಿ?"

"ಸೊಂಟ ಹಿಡದೈತಿ."

"ಎಣ್ಣಿ ತಿಕ್ಕಲೇನ್ರಿ?"

"ಬ್ಯಾಡ."

ಹುಡುಗಿಯ ಮುಖದಲ್ಲಿ ಕಾಳಜಿ ಇದ್ದದ್ದು ನಿಜ. ಕಳ್ಳತನ ಮಾಡುವವರಿಗೂ ಕಾಳಜಿ ಇರಬಹುದು, ಅದು ಬೇರೆ ಮಾತು.

ಮಧ್ಯಾಹ್ನ ಅವಳು ಹಿತ್ತಲಿಗೆ ಹೋಗಿ ರೇಷ್ಮಾಳಿಗೆ ಫೋನ್ ಮಾಡಿದಳು. ಆಚೆಯಿಂದ ಹೊಲಿಗೆ ಮಷಿನ್ನಿನ ಸದ್ದು ಬರುತ್ತಿತ್ತು.

"ನಿನ್ನ ಅತ್ತಿಗಿ ಮನಿ ಕೆಲಸ ಹೊರಗ ಒಯ್ಯಾಕತ್ತಾಳ" ಎಂದಳು ಬಾಷಾಬಿ.

"ಒಯ್ಯಲಿ."

"ಒಯ್ಯಲಿ ಅಂದ್ರ? ನಿನಗ ಏನೂ ಅನಸೂದಿಲ್ಲಾ?"

"ಅಮ್ಮಾ, ಅದು ನಿಮ್ಮ ಮನಿ ವಿದ್ಯಾ. ನಾ ಬ್ಯಾರೆ ಮನ್ಯಾಕಿ ಅಂತ ನೀನ ಹೇಳಿದ್ದಿ. ಬ್ಯಾರೆ ಮನ್ಯಾಕಿಗೆ ಯಾಕ ಫೋನ್ ಮಾಡ್ತಿ?" ಮಷಿನ್ ನಿಲ್ಲಲಿಲ್ಲ. "ಇಡ್ಲೇನ? ಗಿರಾಕಿ ಕುಂತಾರ."

ಬಾಷಾಬಿ ಫೋನ್ ಹಿಡಿದು ಅಲ್ಲೇ ನಿಂತಳು. ಈ ಶುಕ್ರವಾರ ಫಯಾಜ್ ಬಂದಾಗ ಹೇಳಿಬಿಡುವುದು ಎಂದು ನಿಶ್ಚಯಿಸಿದಳು. ಇನ್ನು ಸೊಸೆ ಮಗ್ಗ ಮುಟ್ಟುವುದಿಲ್ಲ. ಒಲ್ಲೆ ಎಂದರೆ ಕುಂದಗೋಳಕ್ಕೆ ಹೋಗಿ ನಾಲ್ಕು ದಿನ ಇದ್ದು ಬರಲಿ, ಬಂದ ಮೇಲೆ ನೋಡೋಣ. ಆದರೆ ಮಗ ಸಾಕ್ಷಿ ಕೇಳುತ್ತಾನೆ. ಹೆಂಡತಿಯ ವಿಷಯದಲ್ಲಿ ಗಂಡಸರು ಮೊದಲು ಸಾಕ್ಷಿ ಕೇಳುತ್ತಾರೆ, ತಾಯಿಯ ಮೇಲೆ ದೂರು ಬಂದರೆ ಕೇಳುವುದಿಲ್ಲ. ಕಣ್ಣಾರೆ ನೋಡಬೇಕು.

ಮರುದಿನ ಕರೆಂಟ್ ಹೋಯಿತು. ಮುಬಶಿರಾ ನಕ್ಕಳು, ಚೀಲ ಹಿಡಿದಳು, ಹೋದಳು. ಬಾಷಾಬಿ ಬುರ್ಖಾ ಹಾಕಿಕೊಂಡು, ಚಪ್ಪಲಿ ಕೈಯಲ್ಲಿ ಹಿಡಿದು ಓಣಿ ದಾಟಿ, ಆಮೇಲೆ ಮೆಟ್ಟಿಕೊಂಡಳು. ಸೊಂಟ ನಿಜಕ್ಕೂ ನೋಯುತ್ತಿತ್ತು. ಬಿಸಿಲು ಹಂಚಿನಂತಿತ್ತು. ಎರೆಮಣ್ಣಿನ ಧೂಳು ಪಾದಕ್ಕೆ ಅಂಟುತ್ತಿತ್ತು. ಎದುರಿಗೆ ಬಂದ ಓಣಿಯ ಹುಡುಗ ಇಮಾಮುದ್ದೀನ "ಎಲ್ಲಿಗಿ ಹೊಂಟೀರಿ ಖಾಲಾ?" ಎಂದ. "ನಿನಗ್ಯಾಕ ಬೇಕು, ನಿನ್ನ ದಾರಿ ನೀ ಹಿಡಿ" ಎಂದಳು.

ಗಿರಣಿ ಗುಡದಪ್ಪನದು. ಗುಡದಪ್ಪ ಹೊಲ ನೋಡಿಕೊಳ್ಳುತ್ತಾನೆ, ಗಿರಣಿ ನಡೆಸುವವಳು ಹೆಂಡತಿ ಮಲ್ಲಮ್ಮ. ಶಟರ್ ಅರ್ಧ ಇಳಿದಿತ್ತು. ಒಳಗೆ ಯಂತ್ರ ಸುಮ್ಮನಿತ್ತು, ಹೆಂಗಸರು ಸುಮ್ಮನಿರಲಿಲ್ಲ. ಬಾಷಾಬಿ ಪಕ್ಕದ ಗೋಡೆಗೆ ಆತು ನಿಂತು ಕಿವಿಕೊಟ್ಟಳು.

"ಎಂಟ ಐತ್ಲೇ ಸೀಮಾ, ಎಂಟು! ಒಂಬತ್ತ ಎಲ್ಲಿಂದ ತಂದಿ? ನಿಮ್ಮತ್ತಿ ಮನಿಂದ ತಂದೀ ಏನು?"

ಅದು ಮುಬಶಿರಾಳ ದನಿ. ಮನೆಯಲ್ಲಿ ಈ ದನಿಯಲ್ಲಿ ಅವಳು ಒಮ್ಮೆಯೂ ಮಾತಾಡಿರಲಿಲ್ಲ.

"ಎಣಿಸಿ ತೋರಸ್ಲಾ? ನೋಡ, ಒಂದು, ಎರಡು..."

"ಬೆರಳ ಮುಂದ ಸರಸಬ್ಯಾಡ, ಕಣ್ಣ ನಮಗೂ ಅದಾವು!"

ಇನ್ನೇನು ಬೇಕು? ಬಾಷಾಬಿ ಬಗ್ಗಿ ಶಟರ್ ಕೆಳಗೆ ನುಗ್ಗಿದಳು. ಬಿಸಿಲಿನಿಂದ ಬಂದ ಕಣ್ಣಿಗೆ ಒಳಗೆ ಮೊದಲು ಏನೂ ಕಾಣಲಿಲ್ಲ. ಹಿಟ್ಟಿನ ವಾಸನೆ ಬಂತು, ಚುರಮರಿಗೆ ಹಚ್ಚಿದ ಉಳ್ಳಾಗಡ್ಡಿಯ ವಾಸನೆ ಬಂತು. ಆಮೇಲೆ ಮೂರು ಮುಖ ಕಂಡವು. ಮೂರೂ ಮುಖಕ್ಕೆ ಹಿಟ್ಟು ಮೆತ್ತಿತ್ತು. ಮುಬಶಿರಾಳ ಕೈ ಗಾಳಿಯಲ್ಲೇ ನಿಂತಿತ್ತು, ಮುಚ್ಚಿದ ಮುಷ್ಟಿಯೊಳಗೆ ಏನೋ ಇತ್ತು.

"ಅಮ್ಮಾ..."

"ಖಾದರಬಿ ಮನಿ ಸೊಸಿಗೆ ನಮ್ಮ ಮನಿ ಎಣಿಕಿ ಕಲಸಾಕ ಬಂದೀ ಏನ? ಎಷ್ಟ ದಿನಾ ಆತು? ಮುಷ್ಟ್ಯಾಗ ಏನ ಐತಿ, ತಗಿ."

ಮುಬಶಿರಾ ಮುಷ್ಟಿ ಬಿಚ್ಚಿದಳು. ಆರು ಕವಡೆ ಕೆಳಗೆ ಉರುಳಿದವು.

"ದಸ್!" ಎಂದು ಗರ ಕೂಗಿದಳು ಮಲ್ಲಮ್ಮ, ಅಭ್ಯಾಸಬಲದಿಂದ. ಎಂದವಳೇ ಬಾಯಿ ಮುಚ್ಚಿಕೊಂಡಳು.

ಬಾಷಾಬಿ ಕವಡೆ ಬಿದ್ದ ಕಡೆ ನೋಡಿದಳು. ನೆಲದ ಮೇಲೆ ಒಂದು ಹಳೆಯ ಜಮಖಾನ ಹಾಸಿತ್ತು. ಅದರ ನಡುವೆ ಪಗಡೆ. ಪಗಡೆಯ ಚೌಕಗಳ ಮೇಲೆ ಒಡೆದ ಬಳೆಯ ಚೂರುಗಳು, ಹಸಿರು, ಕೆಂಪು, ಹಳದಿ. ಬದಿಗೆ ಚುರಮರಿಯ ತಾಟು, ಚಹಾದ ಖಾಲಿ ಲೋಟಗಳು.

ಪಗಡೆ ಎಂಬುದು ಆಟವೆಂದು ಬಾಷಾಬಿಗೆ ಗೊತ್ತಿರಲಿಲ್ಲವೆಂದಲ್ಲ. ಗೊತ್ತಿತ್ತು. ಆದರೆ ಅವಳ ಮಾವ ಅದನ್ನು ಜೂಜೆಂದು ಮನೆಯ ಹೊಸ್ತಿಲು ದಾಟಲು ಬಿಟ್ಟಿರಲಿಲ್ಲ. ಅವಳಿಗೆ ಅದು ನವಿಲಿನಂತೆ, ಹೂವಿನಂತೆ ಒಂದು ನೇಯ್ಗೆ. ಅದರ ಮೇಲೆ ಕಾಯಿ ಇಟ್ಟು ಯಾರಾದರೂ ಆಡಿದ್ದನ್ನು ಅವಳು ನೋಡಿದ್ದು ಇದೇ ಮೊದಲು.

"ಆಟಾ ಆಡಾಕತ್ತೇವ್ರಿ" ಎಂದಳು ಮುಬಶಿರಾ. ದನಿ ಮತ್ತೆ ಮನೆಯ ದನಿಯಾಗಿತ್ತು. "ಕರೆಂಟ್ ಬರೂ ತನಕಾ ಅಷ್ಟ್ರಿ. ಹೇಳಿದ್ರ ನೀವು ಬ್ಯಾಡ ಅಂತಿದ್ರಿ."

"ಆಟಾ? ಹಂಗಾದ್ರ ಮಗ್ಗದಾಗ ಎಂಟು ಎಲ್ಲಿಂದ ಬಂತು?"

ಮುಬಶಿರಾಳ ಮುಖ ಬಿಳಿಚಿತು. ಅವಳಿಗೆ ಅದು ಗೊತ್ತೇ ಇರಲಿಲ್ಲವೆಂಬುದು ಆ ಮುಖದಲ್ಲಿ ಕಂಡಿತು. "ಎಂಟು ಹಾಕೀನೇನ್ರಿ? ಅಲ್ಲಾಹ್... ಬೇಕಂತ ಮಾಡಿಲ್ರಿ ಅಮ್ಮಾ. ಇಲ್ಲಿ ಎಣಿಸಿ ಎಣಿಸಿ ಕೈ ಹಂಗ ಬಿದ್ದೈತಿ. ಕೈ ತಾನ ಎಣಿಸೇತ್ರಿ."

"ಕೈ ತಾನ ಎಣಿಸೂದಿಲ್ಲ. ಈಕಿ ಎಣಿಸ್ಯಾಳ" ಎಂದು ಬಾಷಾಬಿ ಸೀಮಾಳತ್ತ ಬೆರಳು ಮಾಡಿದಳು. "ನೀ ಆಕೀಗೆ ಒಂಬತ್ತ ಹೇಳೀದಿ, ಆಕಿ ನಿನಗ ಎಂಟ ಹೇಳ್ಯಾಳ."

ಸೀಮಾ ಬಾಯಿಗೆ ಬೀಗ ಇಲ್ಲದವಳು. "ನಿಮ್ಮ ಒಂಬತ್ತ ತಗೊಂಡು ನಾವೇನ ಮಾಡೂಣ್ರಿ ಖಾಲಾ? ಅದರ ಮ್ಯಾಲ ಆಟಾನ ಆಗೂದಿಲ್ಲ. ಒಮ್ಮಿ ನಿಮ್ಮ ಹಾಸಿನ ಮ್ಯಾಲ ಆಡಿ ನೋಡೇವಿ, ಕಾಯಿ ಮನಿ ಮುಟ್ಟೂದ್ರಾಗ ಸಂಜಿ ಆತು. ಮತ್ತ ಹೇಳೂದೇನೈತಿ ಅದ್ರಾಗ? ನಿಮ್ಮದು ಒಂಬತ್ತು ಅಂತ ಊರಿಗೆಲ್ಲ ಗೊತ್ತೈತಿ."

"ಏನ ಗೊತ್ತೈತಿ?"

"ನಮ್ಮತ್ತಿ ಯಾವಾಗ್ಲೂ ಹೇಳ್ತಾಳ, ಒಂಬತ್ತ ಇದ್ರ ಅದು ಬಾಷಾಬಿ ಮನೀದು ಅಂತ. ಹಾಸಿದ್ದನ್ನ ಎಣಿಸಾಕ ಮಂದೀಗೆ ಕಣ್ಣಿಲ್ಲೇನ್ರಿ? ಮ್ಯಾಲ ಕುಂತು ಊಟಾ ಮಾಡ್ತಾರ, ಬಗ್ಗಿ ಎಣಿಸೂದಿಲ್ಲಾ?"

ಇಷ್ಟು ಸರಳ ಮಾತು ಇಷ್ಟು ವರ್ಷ ತನ್ನ ತಲೆಗೆ ಹೊಳೆಯಲಿಲ್ಲವೆಂಬುದೇ ಬಾಷಾಬಿಗೆ ನಂಬಲಾಗಲಿಲ್ಲ. ಮಾರಿದ ಪ್ರತಿ ಜಮಖಾನದಲ್ಲೂ ಗುಟ್ಟನ್ನು ಬಿಚ್ಚಿ ಹಾಸಿಕೊಟ್ಟು, ಮನೆಗೆ ಬಂದು ಮಗಳನ್ನು ಮಗ್ಗದ ಹಿಂದಿನಿಂದ ಓಡಿಸಿದ್ದಳು.

"ಜಗಳಾ ಯಾಕ್ರಿ ಅಕ್ಕಾರ, ಕುಂದರ್ರಿ" ಎಂದಳು ಮಲ್ಲಮ್ಮ. ಅವಳು ಮಧ್ಯಸ್ಥಿಕೆಗೆ ಹೆಸರಾದವಳು. ಎರಡು ಚೀಲದ ಹಿಟ್ಟು ಕಲೆತುಹೋದರೂ ಎರಡೂ ಕಡೆಯವರು ನಗುತ್ತ ಹೋಗುವಂತೆ ಮಾಡುತ್ತಿದ್ದಳು. "ಈ ಹಾಸೂ ನಿಮ್ಮ ಮನೀದ ಐತಲ್ರಿ. ನಮ್ಮ ಮಾವನ ಮದುವಿಗೆ ನಿಮ್ಮತ್ತಿ ನೇಯ್ದ ಕೊಟ್ಟದ್ದು. ನೀವು ಆಗ ಇನ್ನೂ ಈ ಊರಿಗೆ ಬಂದಿದ್ದಿಲ್ಲ."

"ಸುಳ್ಳ ಹೇಳಬ್ಯಾಡ. ನಮ್ಮತ್ತಿ ಎಂಟ ಹಾಕೂದಿಲ್ಲ."

"ನೀವ ನೋಡ್ರಿ ಹಂಗಾದ್ರ."

ಬಾಷಾಬಿ ಮೊಣಕಾಲೂರಿ ಕೂತಳು. ಮೊದಲು ಅಂಚು ಹಿಡಿದು ತಿರುವಿದಳು. ಅಂಚಿನ ಒಳಗೆ ಕಪ್ಪು ನೂಲನ್ನು ಎರಡು ಸಲ ಹುರಿಗೊಳಿಸಿ ಹಿಂದಕ್ಕೆ ಎಳೆದಿತ್ತು. ಹಾಗೆ ಮುಗಿಸುವವಳು ಊರಲ್ಲಿ ಒಬ್ಬಳೇ ಇದ್ದಳು, ಅವಳು ಸತ್ತು ಬಹಳ ದಿನವಾಗಿತ್ತು. ನೇಯ್ಗೆ ಇನ್ನೂ ಹಲಗೆಯಂತಿತ್ತು. ಅತ್ತೆಯ ಕುಟ್ಟು ಹಾಗೆಯೇ, ಸಿಟ್ಟಿನ ಕುಟ್ಟು.

ಬಳೆಚೂರುಗಳನ್ನು ಸರಿಸಿ ಅವಳು ಒಂದೊಂದು ತೋಳಿನ ಮೇಲೂ ಬೆರಳಿಟ್ಟಳು. ಎಂಟು. ಎಂಟು. ನಾಲ್ಕೂ ಕಡೆ ಎಂಟು.

"ಕಾಯಿ ಸರಸ್ಬ್ಯಾಡ್ರಿ ಖಾಲಾ, ನಾ ಗೆಲ್ಲಾಕತ್ತಿದ್ದೆ" ಎಂದು ಸೀಮಾ ಗೊಣಗಿದಳು. ಮಲ್ಲಮ್ಮ ಅವಳ ತೊಡೆಗೆ ಹೊಡೆದಳು.

ತಾನು ಮದುವೆಯಾಗಿ ಬಂದ ಹೊಸದರಲ್ಲಿ ಮೊದಲ ಸಲ ಪಗಡೆ ಹಾಕಿದ್ದು ಬಾಷಾಬಿಗೆ ನೆನಪಾಯಿತು. ಹೆದರಿ ಹೆದರಿ ಕೆಳಗಿನ ತೋಳು ಏರಿಸಿದ್ದಳು. ಅತ್ತೆ ಬಂದು ನೋಡಿ, ಚೌಕಗಳನ್ನು ಎರಡು ಸಲ ಎಣಿಸಿದಳು. ಬೈಯುತ್ತಾಳೆಂದು ಬಾಷಾಬಿ ತಲೆ ತಗ್ಗಿಸಿ ಕೂತಿದ್ದಳು. ಅತ್ತೆ ಬೈಯಲಿಲ್ಲ. ನಿಟ್ಟುಸಿರು ಬಿಟ್ಟು ಕೂತು, ತನ್ನ ಕಡೆಯ ತೋಳಿಗೆ ಒಂಬತ್ತು ಚೌಕ ಹಾಕಿದಳು. ಆಮೇಲೆ ಹೇಳಿದಳು, ಇದು ನಮ್ಮ ಮನಿ ಗುರುತು, ಹೊರಗ ಬಾಯಿ ಬಿಡಬ್ಯಾಡ ಅಂತ. ಅಂದು ಬಾಷಾಬಿಗೆ ತಾನೀಗ ಈ ಮನೆಯವಳಾದೆ ಎನ್ನಿಸಿತ್ತು. ಗಿರಣಿಯ ನೆಲದ ಮೇಲೆ ಕೂತಾಗ ಈಗ ಬೇರೆ ಅನ್ನಿಸಿತು. ಎಣಿಕೆ ತಪ್ಪಿ ಮೊದಲು ಒಂಬತ್ತು ಹಾಕಿದವಳು ತಾನೇ ಇರಬೇಕು. ಬಿಚ್ಚಿದ್ದರೆ ಇಡೀ ತೋಳು ಬಿಚ್ಚಬೇಕಿತ್ತು. ಗಿರಾಕಿ ಕಾಯುತ್ತಿದ್ದಿರಬೇಕು. ಮುದುಕಿಗೆ ಸಾಕಾಗಿತ್ತು. ಹೊರಗೆ ಬಾಯಿ ಬಿಡಬೇಡ ಎಂದದ್ದು, ನಮ್ಮ ಮನೆಗೆ ಎಂಥ ಸೊಸೆ ಬಂದಳೆಂದು ಜನ ನಗದಿರಲಿ ಅಂತ.

ಹೌದೋ ಅಲ್ಲವೋ, ಕೇಳೋಣವೆಂದರೆ ಆಕೆ ಖಬರಸ್ತಾನದಲ್ಲಿದ್ದಾಳೆ.

ಮುಬಶಿರಾ ಸದ್ದಿಲ್ಲದೆ ಅಳುತ್ತಿದ್ದಳು. ಮಲ್ಲಮ್ಮ ಸ್ಟವ್ ಹಚ್ಚಿ ಚಹಾ ಇಟ್ಟಳು. ಸೀಮಾ ಮಾತ್ರ ಬಳೆಚೂರುಗಳನ್ನು ಅವುಗಳ ಜಾಗಕ್ಕೆ ಇಡತೊಡಗಿದಳು. ಹಸಿರು ಇಲ್ಲಿ, ಕೆಂಪು ಅಲ್ಲಿ. ಬಾಷಾಬಿ ಅವಳ ಕೈಯನ್ನೇ ನೋಡುತ್ತಿದ್ದಳು. ನೋಡುವುದು ಅವಳಿಗೆ ಹುಟ್ಟುಗುಣ.

"ಆ ಹಸಿರು ಅಲ್ಲಿರಲಿಲ್ಲ" ಎಂದಳು ಬಾಷಾಬಿ.

"ಇತ್ರಿ."

"ಇರಲಿಲ್ಲ. ಎರಡ ಹಿಂದ ಇತ್ತು. ಆ ಕೆಂಪಿನ ಬಾಜೂಕ."

ಮುಬಶಿರಾ ಕಣ್ಣೊರೆಸಿಕೊಂಡು ತಲೆ ಎತ್ತಿದಳು. "ಹೌದಲ್ಲ! ಲೇ ಸೀಮಾ!"

"ಯವ್ವಾ, ಇಷ್ಟ ದಿನಾ ಈಕಿ ಹಿಂಗ ಗೆದ್ಲು!" ಎಂದು ಮಲ್ಲಮ್ಮ ತಲೆಯ ಮೇಲೆ ಕೈ ಇಟ್ಟಳು. "ನಾವು ಕಣ್ಣ ಮುಚ್ಚಿಕೊಂಡ ಆಡೇವಿ. ಅಕ್ಕಾರ, ನೀವು ಮೊದಲ ಬರಬೇಕಿತ್ತು ನೋಡ್ರಿ."

ಸೀಮಾ ನಾಚಿಕೆಯಿಲ್ಲದೆ ನಕ್ಕು ಹಸಿರು ಚೂರನ್ನು ಹಿಂದಕ್ಕೆ ಸರಿಸಿದಳು. ಕವಡೆಗಳನ್ನು ಒಟ್ಟು ಮಾಡಿ ಬಾಷಾಬಿಯ ಮುಂದೆ ಹಿಡಿದಳು. "ತಗೋರಿ. ನೀವ ಒಗೀರಿ. ನೋಡೂಣು."

"ನಾ ಜೂಜ ಆಡೂದಿಲ್ಲ."

"ಜೂಜ ಎಲ್ಲೈತ್ರಿ? ಸೋತವರು ಚುರಮರಿ ಹಚ್ಚಬೇಕು ಅಷ್ಟ."

ಮಲ್ಲಮ್ಮ ಚಹಾದ ಲೋಟ ಕೊಟ್ಟಳು. ಒಂದು ಕೈಯಲ್ಲಿ ಲೋಟ ಬಂದಿತ್ತು, ಇನ್ನೊಂದರಲ್ಲಿ ಕವಡೆ ಹೇಗೆ ಬಂತೋ ಬಾಷಾಬಿಗೆ ತಿಳಿಯಲಿಲ್ಲ. ಕವಡೆಗಳು ನುಣುಪಾಗಿದ್ದವು, ಮೂವರ ಕೈಯ ಬಿಸಿ ಇನ್ನೂ ಇತ್ತು. ಬೇಗ ಮುಗಿಸಿ ಹೋಗೋಣವೆಂದು ಅವಳು ಒಗೆದಳು. ಆರೂ ಕವಡೆ ಬೋರಲು ಬಿದ್ದವು.

"ಪಚ್ಚೀಸ್!" ಮೂವರೂ ಒಟ್ಟಿಗೆ ಕೂಗಿದರು. ಮಲ್ಲಮ್ಮ ಯಂತ್ರದ ತಗಡಿಗೆ ಬಡಿದಳು. ಹೊರಗೆ ನಾಯಿ ಬೊಗಳಿತು.

ಬಾಷಾಬಿಯ ಎದೆಯಲ್ಲಿ ಏನೋ ಜಿಗಿಯಿತು. ಅದು ಏನೆಂದು ಅವಳಿಗೆ ಸಂಶಯ ಬಂತು. ಸುಖವಿದ್ದರೂ ಇರಬಹುದು, ರಕ್ತದೊತ್ತಡವಿದ್ದರೂ ಇರಬಹುದು. "ಇನ್ನೊಮ್ಮಿ ಒಗೀಬೇಕೇನ?" ಎಂದು ಕೇಳಿದಳು.

"ಪಚ್ಚೀಸ್ ಬಿದ್ರ ಇನ್ನೊಮ್ಮಿ ಒಗೀಬೇಕ್ರಿ!"

ಒಗೆದಳು. ಮಲ್ಲಮ್ಮ ಬಿಟ್ಟುಕೊಟ್ಟ ಹಳದಿ ಚೂರು ಓಡಿತು. ಎಣಿಸಲು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ, ಬೆರಳು ಚೌಕದಿಂದ ಚೌಕಕ್ಕೆ ತಾನೇ ಹೋಗುತ್ತಿತ್ತು. ಸೀಮಾಳ ಪಾಳಿ ಬಂದಾಗಲೆಲ್ಲ "ನಿಂದರು, ನಾ ಎಣಿಸ್ತೇನಿ" ಎನ್ನುತ್ತಿದ್ದಳು. ಮುಬಶಿರಾಳ ಕಾಯಿ ಎದುರಿಗೆ ಸಿಕ್ಕಾಗ ಬಿಡಲಿಲ್ಲ.

"ಅಮ್ಮಾ, ನಾ ನಿಮ್ಮ ಸೊಸಿ ಅದೀನ್ರಿ!"

"ಮನ್ಯಾಗ. ತಗಿ ಕಾಯಿ."

ಆಟ ಬಿಸಿಯಾಗಿದ್ದಾಗ ಮೇಲಿನ ಬಲ್ಬು ಹತ್ತಿತು. ಮೋಟರ್ ಗುರ್ ಎಂದಿತು, ಪಟ್ಟಿ ತಿರುಗಿತು, ಹಿಟ್ಟಿನ ಧೂಳು ಎದ್ದಿತು. ಬಾಷಾಬಿಯ ಹಳದಿ ಮನೆ ಮುಟ್ಟಲು ಇನ್ನೂ ಸ್ವಲ್ಪ ಉಳಿದಿತ್ತು.

"ಈಗ ಬರಬೇಕಾಗಿತ್ತೇನ ಈ ಹಾಳಾದ ಕರೆಂಟು!" ಎಂದು ಅವಳು ಬೈದಳು. ಗಿರಣಿಯ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ.

ಅತ್ತೆ ಸೊಸೆ ಮನೆಯ ದಾರಿ ಹಿಡಿದರು. ಬಿಸಿ ಹಿಟ್ಟಿನ ಚೀಲ ಮುಬಶಿರಾಳ ಕಂಕುಳಲ್ಲಿತ್ತು. ಕಟ್ಟೆಯ ಮೇಲೆ ಕೂತಿದ್ದ ದಾವೂದಸಾಬ ಇಬ್ಬರ ಮುಖದ ಹಿಟ್ಟನ್ನೂ ನೋಡಿ, "ಯಾರು ಗೆದ್ರಿ?" ಎಂದ.

"ನಿಮಗ ಗೊತ್ತಿತ್ತು."

"ಆಟಾ ಕಲಿಸಿದಾಂವನ ನಾನು" ಎಂದ ದಾವೂದಸಾಬ. "ನಮ್ಮಪ್ಪ ಇದ್ದಾಗ ಹೊಳಿ ದಂಡಿಗೆ ಹೋಗಿ ಕದ್ದ ಆಡ್ತಿದ್ದೆ. ಈ ಹುಡಿಗಿ ಒಂದ ದಿನಾ ಕೇಳಿದ್ಲು, ಇದನ್ನ ಆಡೂದ ಹೆಂಗ ಅಂತ. ನೇಯಾಕಿ ನೀನು, ಒಮ್ಮೆರ ಕೇಳಿದೇನ?"

ಬಾಷಾಬಿ ನಡುಕೋಣೆಗೆ ಹೋಗಿ ಮಗ್ಗದ ಮೇಲಿನ ಚಾದರ ಎಳೆದು ತೆಗೆದಳು. ಎಡಗಡೆ ಒಂಬತ್ತು, ಬಲಗಡೆ ಎಂಟು. ಮುಬಶಿರಾ ಹಿಂದೆ ಬಂದು ನಿಂತಳು.

"ನನ್ನ ಸಾಲು ಬಿಚ್ತೇನ್ರಿ ಅಮ್ಮಾ."

"ಬಿಚ್ಚು."

"ಆದ್ರ ಖರೇ ಪಗಡ್ಯಾಗ ಎಂಟ ಇರ್ತಾವಲ್ರಿ. ನಿಮ್ಮ ಅತ್ತೀನೂ ಎಂಟ..."

"ಗೊತ್ತೈತಿ. ಕೆಳಗಿನ ತೋಳ ಒಂಬತ್ತರಾಗ ಮುಗದೈತಿ. ಅದನ್ನ ಬ್ಯಾರೆ ಬಿಚ್ಚಾಕ ನನ್ನ ಸೊಂಟದಾಗ ಶಕ್ತಿ ಇಲ್ಲ. ಧಾರವಾಡದವರು ತಾರೀಖ ಹೇಳ್ಯಾರ. ಇದು ಒಂಬತ್ತರಾಗ ಹೋಗ್ಲಿ. ಮುಂದಿಂದು ನೋಡೂಣು."

ಹೇಳಿದ ಮೇಲೆ ಅವಳಿಗೆ ತನ್ನ ಅತ್ತೆಯ ನಿಟ್ಟುಸಿರು ಹೇಗಿತ್ತೆಂದು ಗೊತ್ತಾಯಿತು, ಏಕೆಂದರೆ ಅದೇ ಈಗ ತನ್ನ ಬಾಯಿಂದ ಬಂದಿತ್ತು. ಸೊಸೆ ಕೂತು ನೂಲು ಬಿಚ್ಚತೊಡಗಿದಳು. ಬಾಷಾಬಿ ಹಿತ್ತಲಿಗೆ ಹೋಗದೆ, ಅಲ್ಲೇ ಕೂತು ಫೋನ್ ಹಚ್ಚಿದಳು.

"ಈ ಶುಕ್ರವಾರ ಬಾ" ಎಂದಳು ರೇಷ್ಮಾಳಿಗೆ.

"ಯಾಕ? ಏನ ಐತಿ?"

"ಏನಿಲ್ಲ. ಮಗ್ಗದ ಮ್ಯಾಲ ಕುಂದರಸ್ತೇನಿ. ಕಲಸ್ತೇನಿ."

ಈ ಸಲ ಮಷಿನ್ ನಿಂತಿತು.

"ಅಬ್ಬಾಗ ಏನರ ಆಗೇತೇನ?"

"ಅವರಿಗೇನಾಗೈತಿ? ಕಟ್ಟಿ ಮ್ಯಾಲ ಕುಂತ ಹಲ್ಲಿಲ್ಲದ ಬಾಯಾಗ ನಗಾಕತ್ತಾರ."

"ಹಂಗಾದ್ರ ಮುಬಶಿರಾ ಬಿಟ್ಟ ಹೋದ್ಲೇನ? ಕೈಗೆ ಆಳು ಬೇಕಾತು, ಅದಕ್ಕ ಮಗಳ ನೆನಪ ಆತೇನ?"

"ಆಕಿ ಇಲ್ಲೇ ಅದಾಳ."

"ಫೋನ್ ಆಕಿ ಕೈಯಾಗ ಕೊಡು."

ಬಾಷಾಬಿ ಕೊಟ್ಟಳು. ಮುಬಶಿರಾ ಹೆಗಲಿಗೂ ಕಿವಿಗೂ ನಡುವೆ ಫೋನ್ ಸಿಕ್ಕಿಸಿಕೊಂಡು ನೂಲು ಬಿಚ್ಚುತ್ತಲೇ ಮಾತಾಡಿದಳು. "ಹೌದ್ರಿ ಆಪಾ... ಇಲ್ರಿ, ಜಗಳಾ ಇಲ್ಲ... ಆರಾಮ ಅದಾರ... ಯಾಕೋ ನನಗೂ ತಿಳೀವಲ್ದ್ರಿ." ಅತ್ತೆಯ ಕಡೆ ಓರೆಗಣ್ಣಿನಿಂದ ನೋಡಿ ದನಿ ತಗ್ಗಿಸಿದಳು. "ಮಧ್ಯಾಹ್ನ ಪಗಡಿ ಆಡ್ಯಾರ್ರಿ. ಹೌದ್ರಿ, ಅವರ! ಖುದಾ ಕಸಮ್."

ಬಹಳ ಹೊತ್ತು ಕೇಳಿಸಿಕೊಂಡು ಫೋನ್ ಇಟ್ಟಳು.

"ಬರ್ತಾರಂತ್ರಿ" ಎಂದಳು. "ಆದ್ರ ಗಂಡನ್ನ ಕರಕೊಂಡ ಬರ್ತಾರಂತ. ಏನರ ಹೆಚ್ಚುಕಮ್ಮಿ ಇದ್ರ ಆವತ್ತ ಸಂಜೀಕ ವಾಪಸ್ ಹೋಗ್ತಾರಂತ."

"ಬರ್ಲಿ" ಎಂದಳು ಬಾಷಾಬಿ. ಮಗಳ ಜಾಗದಲ್ಲಿ ತಾನಿದ್ದಿದ್ದರೆ, ಇಂಥ ತಾಯಿಯ ಮಾತು ನಂಬದೆ, ಒಬ್ಬರನ್ನಲ್ಲ, ಇಬ್ಬರನ್ನು ಕರೆದುಕೊಂಡು ಬರುತ್ತಿದ್ದಳು.